ಮಂಡಕ್ಕಿ ಚೀಲದ ಮೇಲೆ ಸಿನ್ಸಿನಾಟಿ

ಶುಕ್ರವಾರ

ನಮ್ಮ ಹರಿಹರದ ಮನೆಯಲ್ಲಿ ಅಜ್ಜಿ "ಹೊಳಿಯಾಚೆ" ಅಂದರೆ ಅದು ಬರೀ ದಿಕ್ಕು ತೋರಿಸುವ ಮಾತಾಗಿರಲಿಲ್ಲ. ತುಂಗಭದ್ರೆಯ ಈಚೆ ದಡ ಮೈಸೂರು ಸೀಮೆ, ಆಚೆ ದಡ ಮುಂಬಯಿ ಸೀಮೆ. ಏಕೀಕರಣವಾಗಿ ಎಷ್ಟು ವರ್ಷ ಕಳೆದರೂ ಅಜ್ಜಿಯ ಲೆಕ್ಕದಲ್ಲಿ ಸೇತುವೆ ದಾಟಿದರೆ ಪರರಾಜ್ಯ. "ಅವ್ರು ಹೊಳಿಯಾಚೆಯವ್ರು, ಅವ್ರ ಪದ್ಧತೀನೇ ಬ್ಯಾರೆ" ಎಂದು ಒಂದೇ ಮಾತಿನಲ್ಲಿ ಎಷ್ಟೋ ಸಂಬಂಧಗಳನ್ನು ಮುಗಿಸಿದ್ದಳು. ಆ ಅಜ್ಜಿ ನನಗೆ ಮತ್ತೆ ನೆನಪಾದದ್ದು ಕಳೆದ ಅಕ್ಟೋಬರ್ ಕೊನೆಯ ವಾರ, ಅಮೆರಿಕದ ಒಹಾಯೋ ನದಿಯ ದಂಡೆಯಲ್ಲಿ.

ನಾನಿರುವುದು ಒಹಾಯೋ ರಾಜ್ಯದ ಕೊಲಂಬಸ್‌ನಲ್ಲಿ. ಸಿನ್ಸಿನಾಟಿ ಅಲ್ಲಿಂದ ನೈಋತ್ಯಕ್ಕೆ 170 ಕಿಲೋಮೀಟರ್ ಚಿಲ್ಲರೆ, ಎರಡು ಗಂಟೆಯ ದಾರಿ. ಆರು ವರ್ಷದಿಂದ "ಒಂದ್ಸಲ ಕ್ಯಾಮೆರಾ ಹಿಡ್ಕೊಂಡು ಹೋಗ್ಬೇಕು" ಅನ್ನುತ್ತಲೇ ಇದ್ದೆ. ಈ ಸಲ ಕೊಲಂಬಸ್‌ನಲ್ಲೇ ಎಂಎಸ್ ಓದುತ್ತಿರುವ ನನ್ನ ಭಾಮೈದ ಖಾಲಿ ಇದ್ದ. ಟ್ರೈಪಾಡ್ ಹೊರುವುದಕ್ಕೆ ಒಂದು ಹೆಗಲು ಸಿಕ್ಕಿತು ಅಂದುಕೊಂಡು ಹೊರಡಿಸಿದೆ. ಹೆಂಡತಿ ರಜೆ ಸಿಗದೆ ಉಳಿದಳು. ಉಳಿದ ಸಿಟ್ಟಿಗೋ ಪ್ರೀತಿಗೋ, ಬಟ್ಟೆಚೀಲದ ತುಂಬ ಮಂಡಕ್ಕಿ, ಬೇರೆ ಡಬ್ಬಿಯಲ್ಲಿ ಖಾರ, ಶೇಂಗಾ ಕಟ್ಟಿಕೊಟ್ಟಳು. ದಾವಣಗೆರೆ ಕಡೆಯವರು ಚಂದ್ರಲೋಕಕ್ಕೆ ಹೊರಟರೂ ಮಂಡಕ್ಕಿ ಬಿಡುವುದಿಲ್ಲ.

71ನೇ ಹೆದ್ದಾರಿಯುದ್ದಕ್ಕೂ ಕೊಯ್ಲಾದ ಜೋಳದ ಹೊಲ, ಸೋಯಾ ಹೊಲ, ನೋಡಿ ನೋಡಿ ನಿದ್ದೆ ಬರುವಷ್ಟು ಸಪಾಟು. ಅಂಥ ದಾರಿ ದಕ್ಷಿಣಕ್ಕೆ ಹೋದಂತೆ ತಟ್ಟನೆ ಕುಸಿಯುತ್ತದೆ. ಲಿಟಲ್ ಮಯಾಮಿ ಎಂಬ ಪುಟ್ಟ ಹೊಳೆ ಕೊರೆದ ಕಣಿವೆಯ ಮೇಲೆ 239 ಅಡಿ ಎತ್ತರದ ಜೆರೆಮಾಯಾ ಮಾರೋ ಸೇತುವೆ. ಸಂಜೆ ಬಿಸಿಲಿಗೆ ಕಣಿವೆ ತುಂಬ ಮೇಪಲ್ ಮರಗಳು ಕುಂಕುಮ ಅರಿಸಿನ ಚೆಲ್ಲಿದ ಹಾಗೆ ನಿಂತಿದ್ದವು. ನಿಲ್ಲಿಸುವ ಹಾಗಿಲ್ಲ, ಹೆದ್ದಾರಿ. ಇಲ್ಲಿಂದಲೇ ನನ್ನ ಫೋಟೊಗಳ ಲೆಕ್ಕ ನಷ್ಟದಲ್ಲಿ ಶುರುವಾಯಿತು.

ಕೋಣೆ ಹಿಡಿದಿದ್ದು ಸಿನ್ಸಿನಾಟಿಯಲ್ಲಲ್ಲ, ನದಿಯಾಚೆ ಕೆಂಟಕಿ ರಾಜ್ಯದ ಕೋವಿಂಗ್ಟನ್‌ನಲ್ಲಿ. ಬಾಡಿಗೆ ಕಡಿಮೆ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಅಲ್ಲಿಗೆ ಹೋದಮೇಲೆ ತಿಳಿಯಿತು: ಈ ಊರಿನ ಮುಖ ನೋಡಬೇಕಾದರೆ ಊರು ಬಿಟ್ಟು ಹೋಗಬೇಕು. ಸಿನ್ಸಿನಾಟಿಯ ಎತ್ತರದ ಕಟ್ಟಡಗಳೆಲ್ಲ ನದಿಗೆ ಎದುರಾಗಿ, ಕೆಂಟಕಿಗೆ ಮುಖ ಮಾಡಿ ನಿಂತಿವೆ. ಒಳಗೆ ನಿಂತವನಿಗೆ ಸಿಗುವುದು ಬರೀ ಗೋಡೆ.

ಚೀಲ ಬಿಚ್ಚಿದೆ. ಕ್ಯಾಮೆರಾ ಇದೆ, ಎರಡು ಲೆನ್ಸ್ ಇವೆ, ಟ್ರೈಪಾಡ್ ಇದೆ. ಕ್ಯಾಮೆರಾವನ್ನು ಟ್ರೈಪಾಡಿಗೆ ಕೂರಿಸುವ ಬಿಸ್ಕತ್ತಿನಷ್ಟು ಅಗಲದ ಪ್ಲೇಟು ಮಾತ್ರ ಇಲ್ಲ. ಅದು ಮನೆಯಲ್ಲಿ ಹಳೆಯ ಕ್ಯಾಮೆರಾದ ತಳಕ್ಕೆ ಕಚ್ಚಿಕೊಂಡು ಆರಾಮಾಗಿ ಕೂತಿದೆ.

"ಹಂಗಾದ್ರೆ ಇದನ್ನ ನಾನು ಎರಡು ದಿನ ಯಾಕ್ ಹೊರಬೇಕ್ರೀ ಭಾವ?" ಅಂದ ಭಾಮೈದ. ನ್ಯಾಯವಾದ ಪ್ರಶ್ನೆಯೇ.

ರಾತ್ರಿ ಒಂಬತ್ತಕ್ಕೆ ನದಿಗೆ ಹೋದೆವು. ಎದುರಿಗೆ ರೋಬ್ಲಿಂಗ್ ತೂಗುಸೇತುವೆ, ನೀಲಿ ಕಬ್ಬಿಣ, ಕಂದು ಕಲ್ಲಿನ ಎರಡು ದೈತ್ಯ ಗೋಪುರ. 1856ರಲ್ಲಿ ಕೆಲಸ ಶುರುವಾಗಿ, ದುಡ್ಡು ಮುಗಿದು, ನಡುವೆ ಅಂತರ್ಯುದ್ಧ ಬಂದು, ಅಂತೂ 1866ರ ಕೊನೆಗೆ ಜನ ಇದರ ಮೇಲೆ ಕಾಲಿಟ್ಟರು. ಗೋಪುರದಿಂದ ಗೋಪುರಕ್ಕೆ 1,057 ಅಡಿ. ಆಗ ಲೋಕದಲ್ಲಿ ಇಷ್ಟು ಉದ್ದದ ತೂಗು ಇನ್ನೊಂದಿರಲಿಲ್ಲ. ಇದನ್ನು ಕಟ್ಟಿದ ಜಾನ್ ರೋಬ್ಲಿಂಗ್ ಮುಂದೆ ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ನಕ್ಷೆ ಹಾಕಿದ. ಎಲ್ಲರಿಗೂ ಗೊತ್ತಿರುವುದು ಆ ತಮ್ಮ. ಅಣ್ಣ ಇಲ್ಲಿ ಸದ್ದಿಲ್ಲದೆ ನಿಂತಿದ್ದಾನೆ.

ಸದ್ದಿಲ್ಲದೆ ಅಂದದ್ದು ತಪ್ಪು. ಸೇತುವೆಯ ಹಾಸು ಕಬ್ಬಿಣದ ಜಾಲರಿ. ಕಾರು ಹಾಯ್ದಾಗಲೆಲ್ಲ ಟೈರಿಗೂ ಜಾಲರಿಗೂ ತಿಕ್ಕಾಟವಾಗಿ ತಂಬೂರಿ ಮೀಟಿದಂಥ ಒಂದು ಗುಂಯ್‌ ಅನ್ನುವ ನಾದ ಏಳುತ್ತದೆ. ಊರವರು ಇದನ್ನು ಹಾಡುವ ಸೇತುವೆ ಅನ್ನುತ್ತಾರೆ.

ರಾತ್ರಿಯ ಫೋಟೊಕ್ಕೆ ಹತ್ತು ಸೆಕೆಂಡಾದರೂ ಕ್ಯಾಮೆರಾ ಅಲ್ಲಾಡಬಾರದು. ದಂಡೆಯ ಅಗಲವಾದ ಕಟ್ಟೆಯ ಮೇಲೆ ಇಟ್ಟು ನೋಡಿದೆ, ಲೆನ್ಸ್ ಮೂತಿ ತಗ್ಗುತ್ತದೆ. ಕೆಳಗೆ ಪರ್ಸ್ ಇಟ್ಟೆ, ಜಾರಿತು. ಆಗ ಭಾಮೈದ ಹೆಗಲಲ್ಲಿದ್ದ ಮಂಡಕ್ಕಿ ಚೀಲವನ್ನು ತೆಗೆದು ಕಟ್ಟೆಯ ಮೇಲಿಟ್ಟು, ನಡುವೆ ಮುಷ್ಟಿಯಿಂದ ಗುದ್ದಿ ಒಂದು ತಗ್ಗು ಮಾಡಿ, "ಇಡ್ರಿ" ಅಂದ. ಇಟ್ಟೆ. ಕರಕರ ಎಂದು ಸದ್ದು ಮಾಡಿ ಕ್ಯಾಮೆರಾ ಅದರಲ್ಲಿ ಕೂಸಿನ ಹಾಗೆ ಕೂತಿತು. ಪಟ್ಟಿಯನ್ನು ಕೈಗೆ ಸುತ್ತಿಕೊಂಡು, ಟೈಮರ್ ಇಟ್ಟು, ಉಸಿರು ಬಿಗಿಹಿಡಿದು ನಿಂತೆವು. ಪರದೆ ಮೇಲೆ ನೋಡಿದರೆ ಗೋಪುರದ ಕಲ್ಲುಕಲ್ಲೂ ಚೂಪಾಗಿ ಬಂದಿತ್ತು.

"ಈಗ ಇದನ್ನ ತಿನ್ನೋ ಹಂಗಿಲ್ಲ" ಅಂದೆ.

"ಟ್ರೈಪಾಡೂ ಹೊರಬೇಕು, ಮಂಡಕ್ಕೀನೂ ತಿನ್ನಬಾರದು" ಎಂದು ಗೊಣಗುತ್ತ ಬಂದ.

ಶನಿವಾರ

ಸಿನ್ಸಿನಾಟಿಯದು ಪೂರ್ವ ಕಾಲವಲಯದ ಪಡುವಣ ಅಂಚು. ಅಕ್ಟೋಬರ್ ಕೊನೆಗೆ ಸೂರ್ಯ ಹುಟ್ಟುವುದು ಹೆಚ್ಚುಕಡಿಮೆ ಎಂಟಕ್ಕೆ. ಫೋಟೊ ಹುಚ್ಚಿರುವ ಸೋಮಾರಿಗಳಿಗೆ ಇದಕ್ಕಿಂತ ಒಳ್ಳೆಯ ತಿಂಗಳಿಲ್ಲ. ಏಳಕ್ಕೆ ಎದ್ದು ಹೋದರೂ ಸಾಕು.

ಹೋದೆವು. ಊರೇ ಇಲ್ಲ!

ಬೇಸಿಗೆಯ ಬಿಸಿ ಇನ್ನೂ ನೀರಲ್ಲಿ ಉಳಿದಿರುತ್ತದೆ, ಮೇಲಿನ ಗಾಳಿ ರಾತ್ರಿ ತಣ್ಣಗಾಗಿರುತ್ತದೆ. ನದಿಯ ಮೈಯಿಂದ ಹಂಡೆ ನೀರಿನ ಹಬೆಯಂತೆ ಮಂಜು ಎದ್ದು ಎದುರು ದಡವನ್ನೇ ನುಂಗಿತ್ತು. ಸೇತುವೆ ಅರ್ಧಕ್ಕೆ ಮುರಿದ ಹಾಗೆ ಬಿಳುಪಿನೊಳಗೆ ಮಾಯ. ಎಲ್ಲಿಂದಲೋ ಒಂದು ದೋಣಿಯ ಕೊಂಬು ಎಮ್ಮೆ ಕೂಗಿದಂತೆ ಕೇಳಿತು. ಕಲ್ಲಿದ್ದಲಿನದೋ ಮರಳಿನದೋ, ಚಪ್ಪಟೆ ದೋಣಿಗಳ ಸಾಲನ್ನು ದೂಡಿಕೊಂಡು ಹೋಗುವ ಹಡಗು. ಸದ್ದು ಹಾದುಹೋಯಿತು, ಹಡಗು ಕಾಣಲೇ ಇಲ್ಲ.

ದಂಡೆಯಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಒಬ್ಬ ಯಜಮಾನ ಗಾಳ ಬಿಟ್ಟು ಕೂತಿದ್ದ. ಕೈಯಲ್ಲಿ ಕಾಫಿ ಫ್ಲಾಸ್ಕ್. ನನ್ನ ಕುತ್ತಿಗೆಯ ಕ್ಯಾಮೆರಾ ನೋಡಿ ನಕ್ಕ. ಹತ್ತು ಗಂಟೆಗೆ ಕರಗುತ್ತದೆ, ಅಲ್ಲಿಯವರೆಗೆ ಊರು ರಜೆ, ಅಂದ. ಏನು ಮೀನು ಅಂದೆ. ಕ್ಯಾಟ್‌ಫಿಶ್. ಮಾತು ಬೆಳೆಯಿತು. ಎದುರು ದಡದಲ್ಲಿ ನಿಂತು ಗಾಳ ಬಿಟ್ಟರೂ ಕೊಕ್ಕೆ ಬೀಳುವುದು ಕೆಂಟಕಿಯಲ್ಲೇ ಅಂದ. ತಮಾಷೆ ಅಂದುಕೊಂಡೆ. ಅಲ್ಲ. ಹೆಸರು ಒಹಾಯೋ ನದಿ, ಆದರೆ ನೀರೆಲ್ಲ ಹೆಚ್ಚುಕಡಿಮೆ ಕೆಂಟಕಿಯದು. 1792ರಲ್ಲಿ ಕೆಂಟಕಿ ರಾಜ್ಯವಾದಾಗ ಉತ್ತರ ದಡದಲ್ಲಿ ನೀರು ಇಳಿದ ಗೆರೆ ಎಲ್ಲಿತ್ತೋ ಅದೇ ಗಡಿ ಎಂದು ಸುಪ್ರೀಂ ಕೋರ್ಟು 1980ರಲ್ಲಿ ತೀರ್ಪು ಕೊಟ್ಟಿದೆ. 1792ರಿಂದೀಚೆಗೆ ಅಣೆಕಟ್ಟುಗಳು ಬಂದು ನೀರು ಏರಿದೆ, ಆ ಗೆರೆ ಈಗ ನೀರಿನ ಅಡಿಗೆ ಎಲ್ಲೋ ಇದೆ. ನಮ್ಮ ಕಡೆ ನೀರಿನ ಜಗಳ ಟಿಎಂಸಿ ಲೆಕ್ಕದಲ್ಲಿ. ಇವರದು ನದಿಯೇ ಯಾರದು ಅನ್ನುವಲ್ಲಿಂದ ಶುರು.

"1977ರ ಚಳಿಗಾಲದಲ್ಲಿ ಇದು ಹೆಪ್ಪುಗಟ್ಟಿತ್ತು. ನಾನು ಹುಡುಗ. ಇಲ್ಲಿಂದ ಅಲ್ಲಿಗೆ ನಡೆದೇ ದಾಟಿದ್ದೆ" ಎಂದು ಬೆರಳು ತೋರಿಸಿದ. ಅಮ್ಮನಿಗೆ ತಿಳಿದು ಏಟು ಬಿತ್ತಂತೆ. ಬೆರಳು ತೋರಿಸಿದ ಕಡೆ ಬಿಳಿ ಮಂಜಲ್ಲದೆ ಏನೂ ಇರಲಿಲ್ಲ. ಒಂದು ಗಳಿಗೆ ಅದೇ ಹಿಮದ ಹಾಗೆ ಕಂಡಿತು. ಆ ಕೈಯನ್ನೂ ಮಂಜನ್ನೂ ಸೇರಿಸಿ ಒಂದು ಫೋಟೊ ಹೊಡೆಯಲೇ ಎಂದು ಕೇಳಿದೆ. ಮುಖ ಬೇಡ, ಕೈ ಆದರೆ ಅಡ್ಡಿಯಿಲ್ಲ ಅಂದ.

ಹತ್ತಕ್ಕೆ ಸರಿಯಾಗಿ ಮಂಜು ಹರಿಯತೊಡಗಿತು. ಮೊದಲು ಕಂಡದ್ದು ತಲೆಗೆ ಕಿರೀಟ ಇಟ್ಟುಕೊಂಡ ಒಂದು ಗೋಪುರ: 2011ರ ಗ್ರೇಟ್ ಅಮೆರಿಕನ್ ಟವರ್, 665 ಅಡಿ. ರಾಜಕುಮಾರಿ ಡಯಾನಾಳ ಕಿರೀಟ ನೋಡಿ ಮಾಡಿದ ತಲೆಯಂತೆ. ಅದರ ಪಕ್ಕ 1930ರ ಕರೂ ಟವರ್ ಇಟ್ಟಿಗೆ ಬಣ್ಣದಲ್ಲಿ, ಏನೂ ತೊಡದೆ, ಹಳೇ ಮನೆತನದ ಯಜಮಾನನ ಗತ್ತಿನಲ್ಲಿ ನಿಂತಿದೆ. ನನ್ನ ಮತ ಯಜಮಾನನಿಗೆ.

ಸೇತುವೆಯನ್ನು ನಡೆದೇ ದಾಟಿದೆವು. ಕಾಲುದಾರಿಯಲ್ಲಿ ನಿಂತರೆ ಇಡೀ ಸೇತುವೆ ಅಂಗಾಲಿನಲ್ಲಿ ನಡುಗುವುದು ತಿಳಿಯುತ್ತದೆ. ಅಲ್ಲಿ ಮಂಡಕ್ಕಿಯಾಗಲಿ ಟ್ರೈಪಾಡಾಗಲಿ ಕೆಲಸಕ್ಕೆ ಬಾರದು, ನಿಧಾನದ ಶಟರ್ ಮರೆತುಬಿಡಬೇಕು. ಆಚೆ ಇಳಿದ ಮೇಲೆ ಊರೊಳಗೆ ಸುತ್ತುವ ಸ್ಟ್ರೀಟ್‌ಕಾರ್, ಅಂದರೆ ಟ್ರಾಮ್, ಇದೆ, 2020ರಿಂದ ಟಿಕೆಟ್ಟೇ ಇಲ್ಲ. ಕಾರನ್ನು ಕೋವಿಂಗ್ಟನ್‌ನಲ್ಲೇ ಬಿಟ್ಟದ್ದು ಈ ಪ್ರವಾಸದಲ್ಲಿ ನಾನು ಮಾಡಿದ ಒಂದೇ ಜಾಣ ಕೆಲಸ.

ಇಳಿದದ್ದು ಫಿಂಡ್ಲೇ ಮಾರ್ಕೆಟ್ಟಿಗೆ. 1855ರಿಂದ ನಡೆಯುತ್ತಿರುವ ಸಂತೆ. ಸೋಮವಾರ ರಜೆ, ಶನಿವಾರ ಕಾಲಿಡಲು ಜಾಗವಿಲ್ಲ. ಕಬ್ಬಿಣದ ಕಂಬಗಳ ಉದ್ದನೆ ಮಂಟಪದೊಳಗೆ ಮಾಂಸ, ಚೀಸ್, ಬ್ರೆಡ್. ಹೊರಗೆ ಬೀದಿಯುದ್ದಕ್ಕೂ ಕುಂಬಳಕಾಯಿ ರಾಶಿ, ಸೇಬು, ಹೂವು, ಒಬ್ಬ ಪಿಟೀಲಿನವನು. ಗೆಟ್ಟಾ ಎಂಬುದು ಇಲ್ಲಿಯ ವಿಶೇಷ: ಜರ್ಮನ್ ವಲಸಿಗರು ಇದ್ದಷ್ಟು ಹಂದಿಮಾಂಸಕ್ಕೆ ಓಟ್ಸ್ ನುಚ್ಚು ಬೆರೆಸಿ, ಗಟ್ಟಿ ಮಾಡಿ, ಹೆಂಚಿನ ಮೇಲೆ ಕೆಂಪಗೆ ಹುರಿದು ತಿಂದದ್ದು. ಬಡತನದ ಉಪಾಯ, ಈಗ ಊರಿನ ಹೆಮ್ಮೆ. ನಾನು ತಿನ್ನುವವನಲ್ಲ. ಭಾಮೈದ ಒಂದು ತಟ್ಟೆ ಮುಗಿಸಿ, ಬಾಯೊರೆಸಿಕೊಂಡು, "ಅಕ್ಕಂಗೆ ಹೇಳಬ್ಯಾಡ್ರಿ" ಅಂದ. ಹೇಳಿಲ್ಲ. ಬರೆದಿದ್ದೇನೆ ಅಷ್ಟೆ.

ಮಾರ್ಕೆಟ್ಟಿನ ಸುತ್ತಲ ಕೇರಿಯ ಹೆಸರು ಓವರ್‌-ದ-ರೈನ್. ಊರಿಗೂ ಕೇರಿಗೂ ನಡುವೆ ಒಂದು ಕಾಲುವೆ ಹರಿಯುತ್ತಿತ್ತು. ಆಚೆ ಜರ್ಮನರು ತುಂಬಿಕೊಂಡಿದ್ದರಿಂದ ಕಾಲುವೆ ದಾಟುವುದಕ್ಕೆ ರೈನ್ ನದಿ ದಾಟುವುದು ಎಂದು ಅಡ್ಡಹೆಸರು ಬಿತ್ತು. ಮತ್ತೆ ಹೊಳಿಯಾಚೆ! ಅಜ್ಜಿ ಇಲ್ಲಿಯವಳೂ ಆಗಬಹುದಿತ್ತು. ಕಾಲುವೆಯ ನೀರು ಬಸಿದು, 1920ರಲ್ಲಿ ಆ ತಗ್ಗಿನಲ್ಲೇ ಸುರಂಗ ರೈಲಿಗೆ ಕೆಲಸ ಶುರುಮಾಡಿದರು. ಎರಡು ಮೈಲಿಗೂ ಮಿಕ್ಕಿ ಸುರಂಗ ಆಯಿತು, ನಿಲ್ದಾಣವೂ ಆಯಿತು, ದುಡ್ಡು ಸಾಲಲಿಲ್ಲ. ಒಂದೇ ಒಂದು ರೈಲೂ ಓಡದ ಆ ಸುರಂಗ ಈಗಲೂ ಸೆಂಟ್ರಲ್ ಪಾರ್ಕ್‌ವೇ ಎಂಬ ರಸ್ತೆಯ ಅಡಿಯಲ್ಲಿ ಮಲಗಿದೆ.

ಈ ಕೇರಿಯಲ್ಲಿ ಮೂರು ಗಂಟೆ ಹೋದದ್ದೇ ತಿಳಿಯಲಿಲ್ಲ. ಮೂರು ನಾಲ್ಕು ಅಂತಸ್ತಿನ ಇಟ್ಟಿಗೆ ಮನೆಗಳು, ಉದ್ದನೆ ಕಿಟಕಿ, ಸೂರಿನಡಿ ಕೆತ್ತನೆ ಪಟ್ಟಿ. ಒಂದಕ್ಕೆ ಹೊಸ ಬಣ್ಣ, ಕೆಳಗೆ ದುಬಾರಿ ಕಾಫಿ. ಪಕ್ಕದ್ದಕ್ಕೆ ಕಿಟಕಿಗೆ ಹಲಗೆ ಬಡಿದಿದೆ. ಫೋಟೊಕ್ಕೆ ಎರಡನೆಯದೇ ಚೆಂದ ಅನ್ನಿಸಿ, ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ರಿಪಬ್ಲಿಕ್ ಸ್ಟ್ರೀಟ್ ಎಂಬ ಬೀದಿಯಲ್ಲಿ ನಾನು ಫಲಕದ ಫೋಟೊ ಹೊಡೆಯುತ್ತಿದ್ದಾಗ ನಾಯಿ ಹಿಡಿದು ಬಂದ ಅಜ್ಜಿಯೊಬ್ಬರು ನಿಂತರು. ಇದು ಮೊದಲು ಬ್ರೆಮೆನ್ ಸ್ಟ್ರೀಟ್ ಆಗಿತ್ತು, ಮೊದಲ ಮಹಾಯುದ್ಧದಲ್ಲಿ ಜರ್ಮನ್ ಹೆಸರುಗಳನ್ನೆಲ್ಲ ಕಿತ್ತು ಹಾಕಿದರು ಅಂದರು. ಅವರ ತಾತ ಮನೆಯಲ್ಲಿ ಗಟ್ಟಿಯಾಗಿ ಜರ್ಮನ್ ಮಾತಾಡುತ್ತಿದ್ದರಂತೆ, ಹೊಸ್ತಿಲು ದಾಟಿದರೆ ಬಾಯಿ ಮುಚ್ಚುತ್ತಿದ್ದರಂತೆ. ನಾವಿಬ್ಬರೂ ಅಷ್ಟು ಹೊತ್ತು ಬೀದಿಯಲ್ಲಿ ನಿಂತು ಜೋರಾಗಿ ಕನ್ನಡದಲ್ಲಿ ಜಗಳವಾಡುತ್ತಿದ್ದೆವು. ಬ್ಯಾಟರಿ ವಿಷಯಕ್ಕೆ.

ಮಧ್ಯಾಹ್ನ ಊಟಕ್ಕೆ ಚಿಲ್ಲಿ ಪಾರ್ಲರ್. ಹೆಸರು ಕೇಳಿ ಮೆಣಸಿನಕಾಯಿ ಅಂದುಕೊಳ್ಳಬೇಡಿ. 1922ರಲ್ಲಿ ಮ್ಯಾಸಿಡೋನಿಯಾ ಕಡೆಯಿಂದ ಬಂದ ಕಿರಾಜಿಯೆಫ್ ಸೋದರರು ಶುರುಮಾಡಿದ ಅಡುಗೆ: ಸ್ಪಗೆಟ್ಟಿ ಮೇಲೆ ದಾಲ್ಚಿನ್ನಿ ವಾಸನೆಯ ಮಾಂಸದ ಸಾರು, ಅದರ ಮೇಲೆ ತುರಿದ ಚೀಸ್ ಗುಡ್ಡ. ಅಷ್ಟಾದರೆ ತ್ರೀ-ವೇ, ಈರುಳ್ಳಿ ಅಥವಾ ಬೀನ್ಸ್ ಸೇರಿದರೆ ಫೋರ್-ವೇ, ಎರಡೂ ಇದ್ದರೆ ಫೈವ್-ವೇ. ಸಸ್ಯಾಹಾರಿಗಳು ಹೆದರಬೇಕಿಲ್ಲ, ಕಪ್ಪು ಬೀನ್ಸ್ ಮತ್ತು ಅನ್ನದ್ದು ಕೇಳಿ ಹಾಕಿಸಿಕೊಳ್ಳಬಹುದು. ರುಚಿಯೇನೋ ಪರವಾಗಿಲ್ಲ. ಆದರೆ ಕಣ್ಣುಮುಚ್ಚಿ ಮೂಸಿದರೆ ಯಾರದೋ ಮನೆಯಲ್ಲಿ ಪಲಾವ್ ಒಗ್ಗರಣೆ ಬಿದ್ದ ಹಾಗೆ, ಕಣ್ಣು ಬಿಟ್ಟರೆ ಶ್ಯಾವಿಗೆ.

ಆಮೇಲೆ ಯೂನಿಯನ್ ಟರ್ಮಿನಲ್, 1933ರ ರೈಲು ನಿಲ್ದಾಣ. ದೂರದಿಂದ ನೋಡಿದರೆ ಹಳೇ ಕಾಲದ ರೇಡಿಯೋ ಪೆಟ್ಟಿಗೆಯನ್ನು ಯಾರೋ ರಾಕ್ಷಸ ಬಯಲಲ್ಲಿಟ್ಟು ಮರೆತ ಹಾಗಿದೆ. ಒಳಗೆ 106 ಅಡಿ ಎತ್ತರದ ಅರ್ಧಗುಮ್ಮಟ, ಹಳದಿ ಕಿತ್ತಳೆ ಬೆಳ್ಳಿಯ ಪಟ್ಟಿಗಳು, ಎರಡು ಗೋಡೆ ತುಂಬ ವಿನೋಲ್ಡ್ ರೈಸ್ ಎಂಬ ಕಲಾವಿದನ ಗಾಜಿನ ಮೊಸಾಯಿಕ್ ಚಿತ್ರ. ದಿನಕ್ಕೆ 216 ರೈಲು ಬರಲೆಂದು ಕಟ್ಟಿದ್ದು. ಈಗ ಬರುವುದು ಒಂದೇ, ವಾರಕ್ಕೆ ಮೂರು ಸಲ, ಅದೂ ನಡುರಾತ್ರಿ. ಕಟ್ಟಡ ಉಳಿದದ್ದು ಮ್ಯೂಸಿಯಂ ಆದ್ದರಿಂದ. ಗುಮ್ಮಟ ನೋಡುವುದಕ್ಕೆ ಟಿಕೆಟ್ ಬೇಡ.

ಕಾವಲಿನವರು ಒಂದು ಗುಟ್ಟು ಹೇಳಿಕೊಟ್ಟರು. ಬಾಗಿಲ ಕಮಾನಿನ ಎರಡು ತುದಿಯಲ್ಲಿ ನೀರು ಕುಡಿಯುವ ನಲ್ಲಿಗಳಿವೆ. ಒಂದರ ಮುಂದೆ ಗೋಡೆಗೆ ಮುಖ ಮಾಡಿ ಪಿಸುಗುಟ್ಟಿದರೆ ಇನ್ನೊಂದರ ಹತ್ತಿರ ನಿಂತವರಿಗೆ ಕೇಳುತ್ತದೆ. ಐದನೇ ಕ್ಲಾಸಿನ ಶಾಲಾ ಪ್ರವಾಸದಲ್ಲಿ ವಿಜಯಪುರದ ಗೋಲಗುಮ್ಮಟದೊಳಗೆ ಕಿರುಚಿ ಮೇಷ್ಟ್ರಿಂದ ಕಿವಿ ಹಿಂಡಿಸಿಕೊಂಡವನು ನಾನು. ಓಡಿಹೋಗಿ ನಿಂತೆ. ಆ ತುದಿಯಲ್ಲಿ ಭಾಮೈದ. ನಡುವೆ ನೂರಾರು ಜನರ ಗಲಾಟೆ. ಗೋಡೆಗೆ ಕಿವಿ ಕೊಟ್ಟೆ. ಪಕ್ಕದಲ್ಲೇ ನಿಂತು ಹೇಳಿದ ಹಾಗೆ ಬಂತು: "ಭಾವ, ಮಂಡಕ್ಕಿ ತಿನ್ಲಾ?"

ಬೇಡ ಅಂದೆ, ಪಿಸುಮಾತಿನಲ್ಲೇ.

ಸೂರ್ಯಾಸ್ತಕ್ಕೆ ಮತ್ತೆ ಕೆಂಟಕಿಗೆ ದಾಟಿ ಡೆವೂ ಪಾರ್ಕ್ ಗುಡ್ಡ ಹತ್ತಿದೆವು. ಇಡೀ ಊರು ಬೊಗಸೆಯಲ್ಲಿಟ್ಟ ಹಾಗೆ ಕಾಣುವ ಜಾಗ. ಟ್ರೈಪಾಡಿನವರ ಸಾಲೇ ನಿಂತಿತ್ತು. ಒಬ್ಬನಿಗಿಂತ ಒಬ್ಬನದು ದೊಡ್ಡ ಲೆನ್ಸ್. ನಾವು ಕಟ್ಟೆಯ ಮೇಲೆ ಹೂವಿನ ಚಿತ್ತಾರದ ಬಟ್ಟೆಚೀಲ ಇಟ್ಟು ಗುದ್ದತೊಡಗಿದಾಗ ಸಾಲು ಸಾಲೇ ತಿರುಗಿ ನೋಡಿತು. ಒಬ್ಬಾಕೆ ಬಂದು ಒಳಗೇನು ಎಂದು ಕೇಳಿದಳು. ಬಾಯಿ ಬಿಚ್ಚಿ ತೋರಿಸಿದೆ. ಒಂದು ಹಿಡಿ ತಿಂದಳು. ಉಪ್ಪಿಲ್ಲ ಅಂದಳು. ಖಾರ ಬೇರೆ ಡಬ್ಬಿಯಲ್ಲಿದೆ ಅಂದ ಭಾಮೈದ, ತೆಗೆದೂ ಕೊಟ್ಟ. ಆಕೆಯ ಕಣ್ಣಲ್ಲಿ ನೀರು ಬರುವ ಹೊತ್ತಿಗೆ ಸರಿಯಾಗಿ ಊರಿನ ದೀಪ ಹತ್ತಿದವು.

ಭಾನುವಾರ

ಬೆಳಿಗ್ಗೆ ಮೌಂಟ್ ಆಡಮ್ಸ್ ಗುಡ್ಡ. ತುದಿಯಲ್ಲಿ ಒಂದು ಚರ್ಚ್, ಅದಕ್ಕೆ ಕೆಳಗಿನಿಂದ ಕಡಿದಾದ ಮೆಟ್ಟಿಲು. ಒಂದೂವರೆ ಶತಮಾನದಿಂದ ಗುಡ್ ಫ್ರೈಡೇ ದಿನ ಜನ ಒಂದೊಂದು ಮೆಟ್ಟಿಲಿಗೂ ನಿಂತು ಪ್ರಾರ್ಥಿಸುತ್ತ ಹತ್ತುತ್ತಾರಂತೆ. ಚಾಮುಂಡಿ ಬೆಟ್ಟಕ್ಕೆ ಮೆಟ್ಟಿಲು ಮೆಟ್ಟಿಲಿಗೆ ಕುಂಕುಮ ಹಚ್ಚುತ್ತ ಹೋಗುವ ಹೆಂಗಸರನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೇಲಿಂದ ನದಿಯ ತಿರುವು ಚೆನ್ನಾಗಿ ಕಾಣುತ್ತದೆ. ಮಂಜು ಇವತ್ತೂ ಇತ್ತು, ಆದರೆ ನಾವು ಅದರ ಮೇಲಿದ್ದೆವು.

ಇಳಿದು ನದಿಬದಿಯ ಉದ್ಯಾನಕ್ಕೆ ಬಂದರೆ ಎತ್ತರದ ಕಂಬಗಳ ತುದಿಯಲ್ಲಿ ರೆಕ್ಕೆ ಬಿಚ್ಚಿದ ನಾಲ್ಕು ಕಂಚಿನ ಹಂದಿ. 1988ರಲ್ಲಿ ಊರಿಗೆ ಇನ್ನೂರು ತುಂಬಿದಾಗ ನಿಲ್ಲಿಸಿದ್ದು. ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿ ಬೀದಿಬೀದಿಯಲ್ಲಿ ಹಂದಿಗಳನ್ನು ಕಸಾಯಿಖಾನೆಗೆ ಹೊಡೆದುಕೊಂಡು ಹೋಗುತ್ತಿದ್ದರು. ಊರಿನ ಅಡ್ಡಹೆಸರೇ ಪೋರ್ಕೊಪೊಲಿಸ್, ಹಂದಿಮಾಂಸದ ಪಟ್ಟಣ. ಕೊಬ್ಬು ಧಾರಾಳ. ಮೇಣದಬತ್ತಿ ಮಾಡುವ ಪ್ರಾಕ್ಟರ್, ಸೋಪು ಮಾಡುವ ಗ್ಯಾಂಬಲ್, ಷಡ್ಡಕರು, 1837ರಲ್ಲಿ ಜೊತೆಗೂಡಿ ಪ್ರಾಕ್ಟರ್ ಅಂಡ್ ಗ್ಯಾಂಬಲ್ ಕಂಪನಿ ಶುರುಮಾಡಿದರು. ಹರಿಹರದ ನಮ್ಮ ಬಚ್ಚಲಮನೆಯ ಟೈಡ್ ಪೊಟ್ಟಣದ ಬೇರು ಇಲ್ಲಿಯದು. ಇಬ್ಬರಿಗೂ ಒಬ್ಬನೇ ಮಾವ, ಜೊತೆಗೂಡಿ ಎಂದು ಹೇಳಿದವನೂ ಅವನೇ. "ನೋಡ್ರಿ, ಅವ್ರ ಮಾವ ಎಷ್ಟು ಒಳ್ಳೇ ಐಡಿಯಾ ಕೊಟ್ಟ" ಅಂದ ಭಾಮೈದ. ನಮ್ಮ ಮಾವ, ಅಂದರೆ ಅವನ ಅಪ್ಪ, ಇದುವರೆಗೆ ಕೊಟ್ಟ ಐಡಿಯಾ ಸೈಟು ಕೊಳ್ಳಿ ಅನ್ನುವುದೊಂದೇ.

1937ರ ಜನವರಿಯಲ್ಲಿ ಇಲ್ಲಿ ನದಿ 80 ಅಡಿಗೆ ಏರಿತ್ತು. 52 ಅಡಿ ದಾಟಿದರೇ ಪ್ರವಾಹ ಎಂದು ಲೆಕ್ಕ. ದಂಡೆಯಲ್ಲಿ ನಿಂತು ಆ ಎತ್ತರವನ್ನು ಕಣ್ಣಿನಿಂದ ಅಳೆಯಲು ಹೋದೆ, ಕುತ್ತಿಗೆ ನೋಯಿತು.

ಮಧ್ಯಾಹ್ನ ಫ್ರೀಡಂ ಸೆಂಟರ್. ನದಿಗೆ ಎದುರಾಗಿ 2004ರಲ್ಲಿ ತೆರೆದ ಮ್ಯೂಸಿಯಂ. ಗುಲಾಮಗಿರಿಯ ಕಾಲದಲ್ಲಿ ಕೆಂಟಕಿಯಲ್ಲಿ ಗುಲಾಮರನ್ನು ಇಟ್ಟುಕೊಳ್ಳಬಹುದಿತ್ತು, ಒಹಾಯೋದಲ್ಲಿ ಇಲ್ಲ. ನಡುವೆ ಈ ನೀರು. ಒಳಗೆ ಕೆಂಟಕಿಯ ಮೇಸನ್ ಕೌಂಟಿಯ ಹೊಲದಿಂದ ಬಿಚ್ಚಿ ತಂದು ಮತ್ತೆ ಜೋಡಿಸಿದ ಎರಡಂತಸ್ತಿನ ದಿಮ್ಮಿಯ ಕೊಟ್ಟಿಗೆ ಇದೆ. ದಕ್ಷಿಣದ ಸಂತೆಗೆ ಸಾಗಿಸುವವರೆಗೆ ಮನುಷ್ಯರನ್ನು ಕೂಡಿಡುತ್ತಿದ್ದ ಜಾಗ. ಮೇಲಿನ ತೊಲೆಯಲ್ಲಿ ಸಾಲಾಗಿ ಕಬ್ಬಿಣದ ಬಳೆಗಳು. ನಮ್ಮ ದನದ ಹಕ್ಕೆಯಲ್ಲಿ ಕಣ್ಣಿ ಕಟ್ಟುವ ಬಳೆಗಿಂತ ತುಸು ದಪ್ಪ, ಅಷ್ಟೇ ವ್ಯತ್ಯಾಸ. ಒಳಗೆ ಕಾಲಿಡಬಹುದು. ಇಟ್ಟೆವು. ಭಾಮೈದ ಮೊದಲ ಸಲ ಏನೂ ಮಾತಾಡಲಿಲ್ಲ.

1856ರ ಜನವರಿಯಲ್ಲಿ ಮಾರ್ಗರೆಟ್ ಗಾರ್ನರ್ ಎಂಬಾಕೆ ಗಂಡ ಮಕ್ಕಳ ಜೊತೆ, ಕೋವಿಂಗ್ಟನ್ ಬಳಿ, ಹೆಪ್ಪುಗಟ್ಟಿದ ಇದೇ ನದಿಯನ್ನು ನಡೆದು ದಾಟಿದಳು. ಹಿಡಿಯುವವರು ಬೆನ್ನಿಗೇ ಬಂದು ಮನೆ ಸುತ್ತುವರಿದಾಗ, ಮತ್ತೆ ಗುಲಾಮಳಾಗುವುದು ಬೇಡವೆಂದು ಎರಡು ವರ್ಷದ ಮಗಳನ್ನು ತಾನೇ ಕೊಂದಳು. ಅವಳನ್ನು ವಾಪಸ್ ನದಿ ದಾಟಿಸಿದರು.

ನಿನ್ನೆ ಮಂಜಿನೊಳಗೆ ಬೆರಳು ತೋರಿಸಿದ ಗಾಳದ ಯಜಮಾನ ನೆನಪಾದ. ಅವನಿಗೆ ಬಿದ್ದದ್ದು ಅಮ್ಮನ ಏಟು.

ಹೊರಗೆ ಬಂದು ಸೇತುವೆ ದಾಟಿ ಕೋವಿಂಗ್ಟನ್ ದಂಡೆಯಲ್ಲಿ ನಡೆದೆವು. ಅಲ್ಲಿ ಬೆಂಚಿನ ಮೇಲೆ ಕೂತು ಪುಸ್ತಕ ಓದುತ್ತಿರುವ ಕಂಚಿನ ಮನುಷ್ಯನೊಬ್ಬನಿದ್ದಾನೆ, ಜೇಮ್ಸ್ ಬ್ರಾಡ್ಲಿ. ತನ್ನ ಬಿಡುಗಡೆಯನ್ನು ತಾನೇ ದುಡಿದು ಕೊಂಡುಕೊಂಡು, ನದಿ ದಾಟಿ, ಸಿನ್ಸಿನಾಟಿಯ ಲೇನ್ ಸೆಮಿನರಿ ಎಂಬ ಪಾದ್ರಿಗಳ ಶಾಲೆಯಲ್ಲಿ ಓದಲು ಸೇರಿ, 1834ರಲ್ಲಿ ಗುಲಾಮಗಿರಿಯ ವಿರುದ್ಧ ಅಲ್ಲಿ ನಡೆದ ವಾದಗಳಲ್ಲಿ ಎದ್ದು ಮಾತಾಡಿದವನು. ಶುಕ್ರವಾರ ರಾತ್ರಿ ಇವನ ಮುಂದೆಯೇ ಹಾದುಹೋಗಿದ್ದೆವು, ದೀಪದ ಕಡೆಗೇ ಕಣ್ಣಿದ್ದ ನನಗೆ ಕಂಡಿರಲಿಲ್ಲ. ಬೆಂಚಿನಲ್ಲಿ ಇನ್ನೊಬ್ಬರಿಗೆ ಜಾಗವಿದೆ. ಭಾಮೈದ ಕೂತ. ಅವನೇ ಚೀಲ ಬಿಚ್ಚಿದ, ಖಾರ ಶೇಂಗಾ ಸುರಿದು ಕಲಸಿದ. ನಾನು ತಡೆಯಲಿಲ್ಲ. ಈರುಳ್ಳಿ ಇಲ್ಲ, ಮೆಣಸಿನಕಾಯಿ ಬಜ್ಜಿ ಇಲ್ಲ, ಎರಡು ದಿನ ಗುದ್ದಿಸಿಕೊಂಡು ಅರ್ಧ ಪುಡಿಯಾದ ಮಂಡಕ್ಕಿ. ಚೀಲ ಝಾಡಿಸಿ ಮುಗಿಸಿದೆವು. ಟ್ರೈಪಾಡ್ ಮಾತ್ರ ಕಾರಿನ ಡಿಕ್ಕಿಯಲ್ಲಿ ಕೊನೆಯವರೆಗೂ ಬಿಚ್ಚದೆ ಮಲಗಿತ್ತು.

ಮನೆಗೆ ಬಂದು ಕಂಪ್ಯೂಟರಿಗೆ ಹಾಕಿ ನೋಡಿದರೆ, 412 ಫೋಟೊಗಳಲ್ಲಿ ಇಟ್ಟುಕೊಳ್ಳುವಂಥವು ಒಂಬತ್ತು. ಶುಕ್ರವಾರ ರಾತ್ರಿಯ ಸೇತುವೆಯದನ್ನು ದೊಡ್ಡದು ಮಾಡಿ ಹೆಂಡತಿಗೆ ತೋರಿಸಿದೆ. ಗೋಪುರ ನೋಡಲಿಲ್ಲ, ನೀರಲ್ಲಿನ ಬೆಳಕು ನೋಡಲಿಲ್ಲ. ಕೆಳಗಿನ ಎಡ ಮೂಲೆಗೆ ಬೆರಳಿಟ್ಟು, "ಇದೇನ್ರೀ ಬಿಳೇದು?" ಅಂದಳು. ಇನ್ನೂ ದೊಡ್ಡದು ಮಾಡಿದೆ. ಕಟ್ಟೆಯ ಅಂಚಿನಲ್ಲಿ ಒಂದು ಮಂಡಕ್ಕಿ ಕಾಳು.